ಹತ್ತರಲ್ಲಿ ಒಂಬತ್ತು ಸಲ

ಲೆವೆಲ್ಲು ಒಂದೇ ಕುರ್ಚಿಯಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂತದ್ದನ್ನು ಮನೆಯವರು ನೋಡಿ ಎರಡು ವರ್ಷದ ಮೇಲಾಗಿತ್ತು. ಇಪ್ಪತ್ತು ನಿಮಿಷ ಆಗುತ್ತಿದ್ದಂತೆ ಯಾರೋ ಬೆಲ್ ಹೊಡೆದಂತೆ ಏಳುತ್ತಿದ್ದ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಅಲ್ಲಿ ಹತ್ತು ನಿಮಿಷ ನಿಂತರೆ ಎಡಗಾಲಿನಲ್ಲಿ ಕರೆಂಟು ಹರಿದಂತಾಗಿ, ಹಾಲಿನ ಮೂಲೆಯಲ್ಲಿ ಹಾಸಿಟ್ಟ ಗಟ್ಟಿ ಹಾಸಿಗೆಯ ಮೇಲೆ ಮಲಗುತ್ತಿದ್ದ. ಮಲಗಿ ಅರ್ಧ ಗಂಟೆಯಾದರೆ ಮತ್ತೆ ಏಳಬೇಕು. “ಕಾಲಿಗೆ ಚಕ್ರ ಕಟ್ಕೊಂಡಿರೋರನ್ನ ನೋಡಿದೀರಿ. ನನಗೆ ಬೆನ್ನಿಗೇ ಕಟ್ಟಿದಾರೆ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ಹೆಂಡತಿ ನಗುತ್ತಿರಲಿಲ್ಲ. ಆ ಜೋಕನ್ನು ಅವಳು ಇನ್ನೂರು ಸಲ ಕೇಳಿದ್ದಳು.

ಲೆವೆಲ್ಲು ಎಂಬುದು ಕೆಲಸದ ಜಾಗದಲ್ಲಿ ಅಂಟಿಕೊಂಡ ಹೆಸರು. ಹನ್ನೊಂದು ವರ್ಷ ಲಿಫ್ಟು ರಿಪೇರಿ ಮಾಡಿದವನು. ಲಿಫ್ಟು ಬಂದು ನಿಂತಾಗ ಅದರ ನೆಲಕ್ಕೂ ಮಹಡಿಯ ನೆಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಗೋಡೆಯ ಮೇಲಿನ ಫೋಟೋ ನೇರ ಮಾಡಿಯೇ ನೀರಿನ ಲೋಟ ಮುಟ್ಟುವುದು. ಈಗ ಆ ಫೋಟೋಗಳ ಕಡೆ ಕತ್ತು ಓರೆ ಮಾಡಿ ನೋಡಿದರೆ, ಫೋಟೋ ಸೊಟ್ಟಗಿದೆಯೋ ತಾನೇ ಸೊಟ್ಟಗಾಗಿದ್ದಾನೋ ಹೇಳುವುದು ಕಷ್ಟವಾಗುತ್ತಿತ್ತು.

ಲಿಫ್ಟ್ ಮೆಕ್ಯಾನಿಕ್ಕಿನ ಆಯಸ್ಸೆಲ್ಲ ಮೆಟ್ಟಿಲ ಮೇಲೆ ಕಳೆಯುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಲಿಫ್ಟು ಓಡುತ್ತಿದ್ದರೆ ಅವನನ್ನು ಯಾರೂ ಕರೆಯುವುದಿಲ್ಲ. ಕರೆದಾಗ ಲಿಫ್ಟು ಓಡುತ್ತಿರುವುದಿಲ್ಲ. ಹಾಗೊಂದು ದಿನ ಬಾಗಿಲಿನ ಉಕ್ಕಿನ ಹಲಗೆಯನ್ನು ಇಬ್ಬರು ಸೇರಿ ಒಂಬತ್ತನೆಯ ಮಹಡಿಗೆ ಹೊರುತ್ತಿದ್ದರು. ಮೇಲಿನ ತುದಿ ಜೊತೆಗಾರನದು, ಕೆಳಗಿನದು ಲೆವೆಲ್ಲಿನದು. ಏಳನೆಯ ಮಹಡಿಯ ತಿರುವಿನಲ್ಲಿ ಜೊತೆಗಾರ “ಒಂದ್ನಿಮಿಷ, ಕಣ್ಣಿಗೆ ಬೆವರು” ಎಂದು ಒಂದು ಕೈ ಬಿಟ್ಟ. ಹಲಗೆಯ ಭಾರವೆಲ್ಲ ಲೆವೆಲ್ಲಿನ ಮೇಲೆ ಬಂತು. ಆ ಒಂದು ನಿಮಿಷ ಇನ್ನೂ ಮುಗಿದಿರಲಿಲ್ಲ. ಬೆನ್ನಿಗೆ ಎರಡು ಆಪರೇಷನ್ ಆದವು. ಮೂರನೆಯದರ ಮಾತು ಬಂದಾಗ ಡಾಕ್ಟರು ತಲೆ ಅಲ್ಲಾಡಿಸಿ, “ಹೊತ್ತುಗಟ್ಟಲೆ ಕೂತರೆ ಈ ಎಡಗಾಲು ನಿಮ್ಮ ಮಾತು ಕೇಳೋದು ಬಿಡುತ್ತೆ,” ಎಂದಿದ್ದರು.

ಕಂಪನಿ ತನ್ನ ನೌಕರರಿಗೆಲ್ಲ ಒಂದು ವಿಮೆ ಮಾಡಿಸಿತ್ತು. ದುಡಿಯಲಾಗದೆ ಮೂಲೆ ಸೇರಿದವರಿಗೆ ತಿಂಗಳು ತಿಂಗಳು ಭತ್ಯೆ. ಮೊದಲ ಎರಡು ವರ್ಷ ವಿಮೆಯವರು ಕೇಳುವುದು ಒಂದೇ ಪ್ರಶ್ನೆ: ನಿನ್ನ ಕೆಲಸ ನಿನಗೆ ಮಾಡಲಾಗುತ್ತದೆಯೇ? ಎರಡು ವರ್ಷ ದಾಟಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ಲೋಕದಲ್ಲಿರುವ ಯಾವುದಾದರೂ ಒಂದು ಕೆಲಸ ಮಾಡಲಾಗುತ್ತದೆಯೇ? ಪಾಲಿಸಿಯ ಮೂವತ್ತೆಂಟನೆಯ ಪುಟದಲ್ಲಿ ಇದನ್ನು ಬರೆದಿತ್ತು. ಲೆವೆಲ್ಲು ಮೂರನೆಯ ಪುಟದಲ್ಲೇ ನಿದ್ದೆ ಹೋಗಿದ್ದ.

ಎರಡು ವರ್ಷ ತುಂಬಿದ ತಿಂಗಳು ಹದಿನಾಲ್ಕು ಪುಟದ ಫಾರಂ ಬಂತು. ಮೆಟ್ಟಿಲು ಹತ್ತಬಲ್ಲಿರಾ? ಕುರ್ಚಿಯಲ್ಲಿ ಕೂರಬಲ್ಲಿರಾ? ಐದು ಕಿಲೋ ಎತ್ತಬಲ್ಲಿರಾ? ಫಾರಂ ಅನ್ನು ಅಡುಗೆ ಕಟ್ಟೆಯ ಮೇಲಿಟ್ಟುಕೊಂಡು, ನಿಂತು, ಕೂತು, ಮತ್ತೆ ನಿಂತು, ಮೂರು ದಿನದಲ್ಲಿ ತುಂಬಿದ. ಹತ್ತಬಲ್ಲೆ. ಕೂರಬಲ್ಲೆ. ಎತ್ತಬಲ್ಲೆ. ಒಂದೂ ಸುಳ್ಳಲ್ಲ. ಹತ್ತುತ್ತಿದ್ದುದು ನಿಜ, ಎರಡು ಮಹಡಿಗೆ ಕಾಲು ಗಂಟೆ ಹಿಡಿಯುತ್ತಿತ್ತು, ಮಾರನೆಯ ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆದರೆ ಅದನ್ನೂ ಬರೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಅದು ಕಸುಬಿನ ರೋಗ. ಪ್ರತಿ ಲಿಫ್ಟಿನ ಮೋಟಾರು ಕೋಣೆಯಲ್ಲೂ ಒಂದು ಕಾರ್ಡು ನೇತಾಡುತ್ತಿರುತ್ತದೆ. ಮೆಕ್ಯಾನಿಕ್ಕು ಕೆಲಸ ಮುಗಿಸಿ ತಾರೀಖು ಹಾಕಿ, ‘ಸರಿ ಇದೆ’ ಎಂದು ಬರೆದು ಸಹಿ ಮಾಡಬೇಕು. ಆರು ಗಂಟೆ ಒದ್ದಾಡಿದ್ದು, ಬೆರಳು ಜಜ್ಜಿಕೊಂಡದ್ದು, ಬ್ರೇಕಿಗೆ ವಂಶದ ಸಮೇತ ಬೈದದ್ದು, ಯಾವುದಕ್ಕೂ ಆ ಕಾರ್ಡಿನಲ್ಲಿ ಜಾಗವಿಲ್ಲ. ಹನ್ನೊಂದು ವರ್ಷದಲ್ಲಿ ಲೆವೆಲ್ಲು ಸಾವಿರಾರು ಸಲ ‘ಸರಿ ಇದೆ’ ಎಂದು ಬರೆದಿದ್ದ. ಕೈಗೆ ಪೆನ್ನು ಬಂದರೆ ಬೇರೇನೂ ಬರುತ್ತಿರಲಿಲ್ಲ.

ಆಮೇಲೆ ವಿಮೆಯವರ ಡಾಕ್ಟರರ ಹತ್ತಿರ ಹನ್ನೆರಡು ನಿಮಿಷದ ತಪಾಸಣೆ. ಅಲ್ಲೂ ಮರ್ಯಾದಸ್ಥನಂತೆ ಬೆನ್ನು ನೆಟ್ಟಗೆ ಮಾಡಿ ಕೂತು, ಹೋಗುವಾಗ ನಗುತ್ತ ಕೈ ಕುಲುಕಿ ಬಂದ. ಮೂರು ವಾರಕ್ಕೆ ಪತ್ರ: ‘ನೀವೇ ನೀಡಿರುವ ಹೇಳಿಕೆಯಂತೆ’ ನೀವು ಕೂತು ಮಾಡುವ ಕೆಲಸಕ್ಕೆ ಅರ್ಹರು, ಉದಾಹರಣೆಗೆ ಕ್ಯಾಮೆರಾ ಪರದೆ ನೋಡುವ ನಿಗಾ ಕೊಠಡಿಯ ಕೆಲಸ, ದಿನಕ್ಕೆ ಎಂಟು ಗಂಟೆ. ಭತ್ಯೆ ನಿಲ್ಲಿಸಲಾಗಿದೆ. ಒಪ್ಪಿಗೆಯಿಲ್ಲದಿದ್ದರೆ ಅರವತ್ತು ದಿನದೊಳಗೆ ಮೇಲ್ಮನವಿ.

“ಹದಿನಾಲ್ಕು ಪುಟದಲ್ಲಿ ಒಂದು ಕಡೆನಾದ್ರೂ ‘ಇಲ್ಲ’ ಅಂತ ಬರೆದಿದೀರಾ ರೀ?” ಎಂದಳು ಹೆಂಡತಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಯ ಬಾಡಿಗೆ ಕಟ್ಟಿದರೆ ಅವಳ ಸಂಬಳ ಅಲ್ಲಿಗೇ ಸುಸ್ತಾಗಿ ಕೂರುತ್ತಿತ್ತು.

“ಬರೆದಿದೀನಲ್ಲ.”

“ಎಲ್ಲಿ?”

“ಕುಡೀತೀರಾ ಅಂತ ಕೇಳಿದ್ರು. ಇಲ್ಲ ಅಂದೆ.”

ಅವಳು ಅವನನ್ನು ಒಂದು ಕ್ಷಣ ನೋಡಿ, ಪಾತ್ರೆ ತೊಳೆಯಲು ಹೋದಳು. ಆ ದಿನ ಪಾತ್ರೆಗಳು ಬಹಳ ಮಾತಾಡಿದವು.

ಮನೆಯಲ್ಲಿ ಮೂರನೆಯವರು ಹೆಂಡತಿಯ ಅಪ್ಪ. ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಜಾತಿ: ಟಿಕೆಟ್ ಇದ್ದವರು, ಇಲ್ಲದವರು. ಕಿಟಕಿಯಾಚೆ ನೋಡುತ್ತ ಕೂರುವವರನ್ನೂ, ಅತಿಯಾಗಿ ನಗುವವರನ್ನೂ ಅವರು ನಂಬುತ್ತಿರಲಿಲ್ಲ. ಅಳಿಯ ಇವೆರಡನ್ನೂ ಮಾಡುತ್ತಿದ್ದ. ಹಾಲಿನಲ್ಲಿ ತಮ್ಮ ಕುರ್ಚಿ ಬಿಡದೆ, ಜೇಬಿನಲ್ಲಿ ಸಣ್ಣ ಡೈರಿ, ಕಿವಿಯ ಮೇಲೆ ಮೋಟು ಪೆನ್ಸಿಲ್ಲು ಸಿಕ್ಕಿಸಿಕೊಂಡು ಕೂತಿರುತ್ತಿದ್ದರು.

“ಏನು ಅಳಿಯಂದಿರೇ, ಪಾಸಿನ ಅವಧಿ ಮುಗೀತಂತೆ?”

“ಹೌದು ಮಾವ. ಮುಂದಿನ ಸ್ಟಾಪಲ್ಲಿ ಇಳಿಸ್ತಾರಂತೆ.”

“ಇಳಿಸ್ಲಿ ಬಿಡಿ. ನಡೆದ್ರೆ ಆರೋಗ್ಯ.”

ಲೆವೆಲ್ಲು ನಕ್ಕ. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು.

ಮೇಲ್ಮನವಿಯನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದ. ‘ಮಾನ್ಯರೇ’ ಎಂದು ಬರೆದು ಏಳುವುದು, ಕಿಟಕಿಗೆ ಹೋಗುವುದು, ಬಂದು ಅದನ್ನು ಹೊಡೆದುಹಾಕಿ ‘ಸನ್ಮಾನ್ಯರೇ’ ಎಂದು ಬರೆಯುವುದು. ಹೀಗೆ ಮೂವತ್ತನಾಲ್ಕು ದಿನ ಕಳೆದವು. ಮೂವತ್ತೈದನೆಯ ದಿನ ಹೆಂಡತಿ ಅಂಗಡಿಯಿಂದ ಬಂದವಳೇ ಒಂದು ವಿಳಾಸದ ಚೀಟಿಯನ್ನು ಅವನ ಅಂಗಿಯ ಜೇಬಿಗೆ ತುರುಕಿದಳು.

“ನಮ್ಮ ಅಂಗಡಿಗೆ ಒಬ್ಬರು ವಕೀಲೆ ಬರ್ತಾರೆ. ತಿಂಗಳಿಗೊಂದ್ಸಲ ತಮ್ಮ ಕನ್ನಡಕದ ಮೇಲೆ ತಾವೇ ಕೂತು ಮುರ್ಕೊಂಡು ಬರ್ತಾರೆ. ಇಂಥ ಕೇಸು ಬಿಟ್ಟು ಬೇರೆ ಮಾಡೋದೇ ಇಲ್ವಂತೆ. ಗೆದ್ರೆ ಮಾತ್ರ ಫೀಸು. ನಾಳೆ ಹನ್ನೊಂದಕ್ಕೆ ಹೋಗ್ತಿದೀರಿ.”

“ಕನ್ನಡಕದ ಮೇಲೆ ಕೂರೋರು ನನ್ನ ಕೇಸಿನ ಮೇಲೆ ಕೂರಲ್ಲ ಅಂತ ಏನು ಗ್ಯಾರಂಟಿ?”

“ನೀವು ಮೂವತ್ತನಾಲ್ಕು ದಿನದಿಂದ ಅದರ ಮೇಲೇ ಕೂತಿದೀರಲ್ಲ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೂತಿರೋದು ಅದೊಂದರ ಮೇಲೆ.”

ವಕೀಲೆಯ ಕಚೇರಿ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಕೆಳಗೆ ಜೆರಾಕ್ಸ್ ಅಂಗಡಿ, ಮಧ್ಯೆ ಎರಡು ಮಹಡಿ ಖಾಲಿ ಬೋರ್ಡುಗಳು. ಲಿಫ್ಟು ಏರುವಾಗ ಎರಡನೆಯ ಮಹಡಿಯ ಹತ್ತಿರ ಬಿಕ್ಕಿದಂತೆ ನಡುಗಿತು. ಲೆವೆಲ್ಲಿನ ಕಿವಿ ನಿಮಿರಿತು: ಬ್ರೇಕು ತಡವಾಗಿ ಬಿಡುತ್ತಿದೆ. ಬಾಗಿಲು ತೆರೆದಾಗ ನೆಲ ಒಂದೂವರೆ ಬೆರಳು ಕೆಳಗಿತ್ತು. ಮೈಯೆಲ್ಲ ಉರಿಯಿತು, ಬೆನ್ನು ನೋವು ಅರೆಕ್ಷಣ ಮರೆತೇಹೋಯಿತು.

ವಕೀಲೆ ಐವತ್ತರ ಹತ್ತಿರದ ಹೆಂಗಸು. ಕನ್ನಡಕದ ಒಂದು ಕಾಲಿಗೆ ಟೇಪು ಸುತ್ತಿತ್ತು. ಹದಿನಾಲ್ಕು ಪುಟವನ್ನೂ ಓದಿ ಮುಗಿಸುವಷ್ಟರಲ್ಲಿ ಲೆವೆಲ್ಲು ಎದ್ದು ನಿಂತಿದ್ದ.

“ಕ್ಷಮಿಸಿ ಮೇಡಂ. ಸ್ವಲ್ಪ ನಿಂತ್ಕೋತೀನಿ.”

“ಎಷ್ಟು ಹೊತ್ತು ಕೂರೋಕಾಗುತ್ತೆ?”

“ಇಪ್ಪತ್ತು ನಿಮಿಷ. ಮನಸ್ಸು ಚೆನ್ನಾಗಿದ್ರೆ ಇಪ್ಪತ್ತೆರಡು.”

“ಇಲ್ಲಿ ‘ಕೂರಬಲ್ಲೆ’ ಅಂತಷ್ಟೇ ಇದೆ?”

“ಕೂರಬಲ್ಲೆನಲ್ಲ. ಈಗ ಕೂತಿರಲಿಲ್ವಾ?”

ವಕೀಲೆ ಕನ್ನಡಕ ತೆಗೆದು ಕುರ್ಚಿಯ ಮೇಲಿಟ್ಟರು. ಲೆವೆಲ್ಲು ಅದನ್ನು ಎತ್ತಿ ಮೇಜಿನ ಮೇಲಿಟ್ಟ.

“ನೋಡಿ, ಅವರ ಪ್ರಕಾರ ನೀವು ಕೂರಬಲ್ಲಿರಿ, ಅಂದ್ರೆ ಎಂಟು ಗಂಟೆ ಕೂರಬಲ್ಲಿರಿ. ಎಷ್ಟು ಹೊತ್ತು, ಎಷ್ಟು ಸಲ, ಆಮೇಲೆ ಏನಾಯ್ತು, ಈ ಮೂರು ಇಲ್ದೆ ನಿಮ್ಮ ಫಾರಂ ಅವರ ಕಡೆ ಸಾಕ್ಷಿ. ಮೇಲ್ಮನವಿ ಜೊತೆ ಏನು ಹೋಗುತ್ತೋ ಅಷ್ಟೇ ಕಡತ. ನಾಳೆ ಕೋರ್ಟಿಗೆ ಹೋದ್ರೂ ಅಲ್ಲಿ ನೋಡೋದು ಇದೇ ಕಡತ. ಆಮೇಲೆ ಅಯ್ಯೋ ಇದೊಂದು ಮರೆತಿದ್ದೆ ಅಂತ ಒಂದು ಚೀಟಿ ಕೂಡ ಸೇರಿಸೋಕಾಗಲ್ಲ. ಇನ್ನು ಇಪ್ಪತ್ನಾಲ್ಕು ದಿನ ಇದೆ. ನಿಮ್ಮ ಡಾಕ್ಟರಿಂದ ಪತ್ರ ತರಿಸ್ತೀನಿ. ನೀವು ದಿನಾ ಒಂದು ಪುಸ್ತಕದಲ್ಲಿ ಬರೀರಿ. ಏನು ಮಾಡಿದ್ರಿ, ಎಷ್ಟು ಹೊತ್ತು, ಏನಾಯ್ತು.”

ಲೆವೆಲ್ಲು ಒಂದು ವಾರ ಶ್ರದ್ಧೆಯಿಂದ ಬರೆದ. ‘ಬೆಳಿಗ್ಗೆ: ಸರಿ. ಮಧ್ಯಾಹ್ನ: ಪರವಾಗಿಲ್ಲ. ಸಂಜೆ: ಸರಿ.’ ಬುಧವಾರ ಸಂಜೆ ಕಾಲು ಮರಗಟ್ಟಿ ಬಚ್ಚಲಲ್ಲಿ ಬಿದ್ದಿದ್ದ. ಆ ದಿನದ ಪುಟದಲ್ಲಿ ‘ಸಂಜೆ: ಸ್ವಲ್ಪ ಜಾರಿದೆ, ಸರಿ ಇದೆ’ ಎಂದಿತ್ತು.

ಅದನ್ನು ಹಿಡಿದು ಎರಡನೆಯ ಸಲ ಹೋದ ದಿನ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತಿತು. ಹನ್ನೊಂದು ನಿಮಿಷ. ಕೂರಲು ಜಾಗವಿಲ್ಲ, ನಡೆಯಲು ಜಾಗವಿಲ್ಲ. ಗೋಡೆಗೆ ಹಣೆಯೊತ್ತಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಮೇಲಿನ ಬ್ರೇಕಿಗೂ ಅದನ್ನು ಕೊನೆಯ ಸಲ ಮುಟ್ಟಿದ ಅಪರಿಚಿತ ಮೆಕ್ಯಾನಿಕ್ಕಿಗೂ ವಂಶದ ಸಮೇತ ಬೈದ. ಆಮೇಲೆ ಲಿಫ್ಟು ಏನೂ ಆಗಿಯೇ ಇಲ್ಲವೆಂಬಂತೆ ಮೇಲೆ ಹೋಗಿ ಬಾಗಿಲು ತೆರೆಯಿತು. ವಕೀಲೆ ಎದುರಿಗೇ ನಿಂತಿದ್ದರು.

“ಮತ್ತೆ ನಿಂತಿತ್ತಾ? ಬೇಜಾರು ಮಾಡ್ಕೋಬೇಡಿ. ಒಳ್ಳೆ ಲಿಫ್ಟೇ ಅದು. ಹತ್ತು ಸಲದಲ್ಲಿ ಒಂದು ಸಲ ಹೀಗೆ ಮುನಿಸ್ಕೊಳ್ಳುತ್ತೆ, ಅಷ್ಟೇ.”

“ಅಷ್ಟೇನಾ?” ಲೆವೆಲ್ಲಿಗೆ ಎಲ್ಲಿತ್ತೋ ಸಿಟ್ಟು. “ಹತ್ತರಲ್ಲಿ ಒಂದು ಸಲ ನಿಲ್ಲೋದಕ್ಕೆ ಲಿಫ್ಟು ಅಂತಾರಾ ಮೇಡಂ? ಒಂಬತ್ತು ಸಲ ಓಡ್ತು ಅಂತ ನಂಬ್ಕೊಂಡು ಹತ್ತನೇ ಸಲ ಒಳಗಿರೋನ ಗತಿ ಏನು? ನೋಡೋರು ಬಂದಾಗ ಎಲ್ಲಾ ಲಿಫ್ಟೂ ಚೆನ್ನಾಗೇ ಓಡುತ್ತೆ. ನಾನಾಗಿದ್ರೆ ಇವತ್ತೇ ಕೆಂಪು ಚೀಟಿ ಹಾಕಿ ಬೀಗ ಜಡೀತಿದ್ದೆ. ಬಳಕೆಗೆ ಯೋಗ್ಯವಲ್ಲ ಅಂತ!”

ಕಾರಿಡಾರಿನಲ್ಲಿ ಅವನ ದನಿ ಪ್ರತಿಧ್ವನಿಸಿತು. ವಕೀಲೆ ಅವನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು, ಅಲ್ಲೇ ನಿಂತು ಪುಟ ತಿರುವಿದರು. ಸರಿ. ಪರವಾಗಿಲ್ಲ. ಸರಿ. ಸ್ವಲ್ಪ ಜಾರಿದೆ, ಸರಿ ಇದೆ.

“ಈ ಲಿಫ್ಟಿಗೆ ಯಾರು ಕಾರ್ಡು ಬರೀತಾರೋ ಗೊತ್ತಿಲ್ಲ,” ಎಂದರು. “ಅವರೂ ಹೀಗೇ ಬರೀತಾ ಇರಬೇಕು.”

ಲೆವೆಲ್ಲು ಹೋಗಿ ಕುರ್ಚಿಯಲ್ಲಿ ಕೂತ, ತಕ್ಷಣ ಎದ್ದ. ಹನ್ನೊಂದು ವರ್ಷದಲ್ಲಿ ಎಷ್ಟೋ ಲಿಫ್ಟುಗಳಿಗೆ ಕೆಂಪು ಚೀಟಿ ಕಟ್ಟಿದ್ದ. ಕಟ್ಟಿದಾಗಲೆಲ್ಲ ಕಟ್ಟಡದ ಮಾಲೀಕರು ಬಂದು ರಂಪ ಮಾಡುತ್ತಿದ್ದರು: ನಿನ್ನೆವರೆಗೂ ಓಡ್ತಿತ್ತಲ್ಲ, ಸ್ವಲ್ಪ ಎಣ್ಣೆ ಬಿಟ್ರೆ ಆಗುತ್ತೆ, ಜನ ಏನಂದ್ಕೋತಾರೆ. ಅವನು ಕಿವಿಗೆ ಹಾಕಿಕೊಳ್ಳದೆ ದಾರ ಬಿಗಿಯುತ್ತಿದ್ದ.

“ಇಲ್ಲಿ ಒಂದು ತೊಂದರೆ ಇದೆ ಮೇಡಂ,” ಎಂದ ಕೊನೆಗೆ. “ಚೀಟಿ ಕಟ್ಟೋನೂ ನಾನೇ, ಬಂದು ರಂಪ ಮಾಡೋ ಮಾಲೀಕನೂ ನಾನೇ.”

“ಮಾಲೀಕನನ್ನ ಹೊರಗೆ ಕಳಿಸಿ. ಮೆಕ್ಯಾನಿಕ್ಕು ಬರೀಲಿ.”

ಆ ದಿನದಿಂದ ಲೆವೆಲ್ಲು ತನ್ನನ್ನು ಒಂದು ಹಳೆಯ, ಅಡ್ಡಾದಿಡ್ಡಿ ಯಂತ್ರವೆಂದುಕೊಂಡು ಬರೆಯತೊಡಗಿದ. ‘7.10, ಕುರ್ಚಿ. 7.29ಕ್ಕೆ ಎಡ ಪಾದ ಜೋಮು. 7.31ಕ್ಕೆ ಎದ್ದೆ. ನೀರಿನ ಕೊಡ ಎತ್ತಿದೆ, ಒಂದು ಸಲ. ಎರಡನೆಯ ಸಲ ಆಗಲಿಲ್ಲ. 40 ನಿಮಿಷ ಮಲಗಿದೆ.’ ಮೊದಲ ಸಲ ‘ಆಗಲಿಲ್ಲ’ ಎಂದು ಬರೆದಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿದ. ಮಾವ ನೋಡುತ್ತಿದ್ದರು.

ಅದೇ ಹುಮ್ಮಸ್ಸಿನಲ್ಲಿ ವಕೀಲೆಯ ಕಟ್ಟಡದ ಲಿಫ್ಟಿನ ಮೇಲೂ ಎರಡು ಪುಟದ ದೂರು ಬರೆದು, ಲಿಫ್ಟು ತಪಾಸಣೆಯ ಇಲಾಖೆಗೆ ಕಳಿಸಿದ. ‘ಸನ್ಮಾನ್ಯರೇ’ ಎಂದು ಒಂದೇ ಸಲಕ್ಕೆ ಬಂತು. ಬೇರೆಯವರ ದೋಷ ಬರೆಯುವುದು ಎಷ್ಟು ಸಲೀಸು.

ಐವತ್ತೊಂದನೆಯ ದಿನ ವಕೀಲೆ ಫೋನು ಮಾಡಿದರು. ಲೆವೆಲ್ಲು ಮಲಗಿದ್ದ, ಫೋನನ್ನು ಎದೆಯ ಮೇಲಿಟ್ಟು ಸ್ಪೀಕರ್ ಹಾಕಿದ.

“ನಿಮ್ಮ ಪುಸ್ತಕ ಈಗ ಚೆನ್ನಾಗಿದೆ. ಆದ್ರೆ ಒಂದು ತೂತು ಇದೆ. ಎಲ್ಲಾ ಭತ್ಯೆ ನಿಂತ ಮೇಲೆ ಬರೆದದ್ದು. ಕೇಸಿಗೋಸ್ಕರ ಕಟ್ಟಿದ ಕತೆ ಅಂತಾರೆ. ಭತ್ಯೆ ನಿಲ್ಲೋದಕ್ಕೆ ಮುಂಚಿನದು ಏನಾದ್ರೂ ಇದೆಯಾ? ಯಾರಾದ್ರೂ ಬರೆದದ್ದು?”

“ನನ್ನ ಬಗ್ಗೆ ಯಾರು ಬರೀತಾರೆ ಮೇಡಂ? ನಾನೇನು ಮಂತ್ರಿನಾ?”

ಫೋನು ಇಟ್ಟ ಮೇಲೆ ಮಾವ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದರು. ಮತ್ತೆ ಬದಲಿಸಿದರು. ಮಗಳು ಕೆಲಸದಿಂದ ಬಂದು ಚೀಲ ಇಳಿಸಿದಳು. ಅಪ್ಪನೇ ಇಪ್ಪತ್ತು ನಿಮಿಷಕ್ಕೊಂದು ಸಲ ಏಳುವುದನ್ನು ಕಂಡು ಅವಳು, “ಏನಪ್ಪಾ, ನಿಮಗೂ ಅಂಟಿತಾ?” ಎಂದಳು.

ಮಾವ ತಮ್ಮ ಕೋಣೆಗೆ ಹೋಗಿ, ರಬ್ಬರ್ ಬ್ಯಾಂಡು ಹಾಕಿದ ಮೂರು ಡೈರಿ ತಂದು ಅಳಿಯನ ಹಾಸಿಗೆಯ ಪಕ್ಕ ಇಟ್ಟರು. ಮುಖ ಕಿಟಕಿಯ ಕಡೆಗಿತ್ತು.

“ಇದರಲ್ಲಿ ಬರೆದಿದೆ.”

“ಏನು ಮಾವ?”

“ನೀವು ಎಷ್ಟು ಹೊತ್ತು ಕೂತ್ರಿ, ಎಷ್ಟು ಹೊತ್ತು ನಿಂತ್ರಿ. ಹದಿನಾಲ್ಕು ತಿಂಗಳಿಂದ.”

ಲೆವೆಲ್ಲು ಒಂದು ಡೈರಿ ತೆರೆದ. ಪೆನ್ಸಿಲಿನ ಸಣ್ಣ, ನೇರ ಅಕ್ಷರ. ‘10.05 ಕುರ್ಚಿ. 10.24 ಎದ್ದರು. 10.36 ಹಾಸಿಗೆ. 11.10 ಕಿಟಕಿ, ಗೋಡೆ ಹಿಡಿದು.’ ಪುಟದಿಂದ ಪುಟಕ್ಕೆ ಅದೇ. ಒಂದೊಂದು ಪುಟದ ಅಂಚಿನಲ್ಲಿ ‘ಗಮನಿಸಬೇಕು’ ಎಂದಿತ್ತು. ಒಂದು ಕಡೆ: ‘ನಾನು ತರಕಾರಿಗೆ ಹೋಗುವಂತೆ ಮಾಡಿ ಮೆಟ್ಟಿಲಿಂದ ವಾಪಸು ಬಂದು ಇಣುಕಿದೆ. ಗೋಡೆ ಹಿಡಿದೇ ನಡೆಯುತ್ತಿದ್ದರು.’

“ಯಾಕಪ್ಪಾ ಇದು?” ಮಗಳ ದನಿ ಏರಿತು.

ಮಾವ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು. “ಹಿಡಿಯೋಣ ಅಂತ. ನಾಟಕ ಆಡೋರು ಒಂದಲ್ಲ ಒಂದು ದಿನ ಮೈಮರೀತಾರೆ. ಮೂವತ್ತೊಂದು ವರ್ಷ ನೋಡಿದೀನಿ. ಯಾರೂ ಇಲ್ಲ ಅಂದ್ಕೊಂಡಾಗ ನೆಟ್ಟಗೆ ನಡೀತಾರೆ. ಆ ದಿನ ಹಿಡೀಬೇಕು ಅಂತ.”

“ಅಪ್ಪಾ!”

“ಸಿಗಲಿಲ್ಲ,” ಎಂದರು ಮಾವ. “ಹದಿನಾಲ್ಕು ತಿಂಗಳು. ಒಂದು ದಿನವೂ ಸಿಗಲಿಲ್ಲ. ಇಪ್ಪತ್ತಮೂರು ನಿಮಿಷಕ್ಕಿಂತ ಜಾಸ್ತಿ ಒಂದು ದಿನವೂ ಕೂತಿಲ್ಲ ಇವರು. ಹೇಳೋಣ ಅಂದ್ಕೊಂಡೆ. ಹೇಗೆ ಹೇಳೋದು? ಆಮೇಲೆ ಬರೆಯೋದೇ ಅಭ್ಯಾಸ ಆಗಿಬಿಡ್ತು.”

ಲೆವೆಲ್ಲಿಗೆ ಸಿಟ್ಟು ಬರಬೇಕಿತ್ತು, ಬರಲೆಂದು ಕಾದ. ಮೋಸ ಮಾಡುತ್ತಾನೆಂದು ತನ್ನ ಮನೆಯಲ್ಲೇ ತನ್ನ ಮೇಲೆ ಕಾವಲು. ಆದರೆ ಪುಟದ ಮೇಲೆ ಪುಟ ತಿರುಗಿಸುತ್ತ ಹೋದ. ಅವನೇ ಬರೆಯದೆ ಬಿಟ್ಟ ಹದಿನಾಲ್ಕು ತಿಂಗಳು ಅಲ್ಲಿ ಬಿಡದೆ ದಾಖಲಾಗಿತ್ತು.

“ಜೂನ್ ಹನ್ನೆರಡಕ್ಕೆ ‘ಅತ್ತರು’ ಅಂತ ಬರೆದಿದೀರಿ,” ಎಂದ. “ಅದು ಈರುಳ್ಳಿ ಮಾವ.”

“ಆ ದಿನ ಮನೇಲಿ ಈರುಳ್ಳಿ ಇರಲಿಲ್ಲ. ನಾನೇ ತರಬೇಕಿತ್ತು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹೆಂಡತಿ ಮೂರು ಡೈರಿಗಳನ್ನೂ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು, ಮತ್ತೆ ಯಾರಾದರೂ ಮನಸ್ಸು ಬದಲಿಸಿಯಾರೆಂಬಂತೆ.

ಡೈರಿ ನೋಡಿದ ವಕೀಲೆ ಬಹಳ ಹೊತ್ತು ನಕ್ಕರಂತೆ. ನಗುವಾಗ ಕನ್ನಡಕ ಬಿದ್ದು ಇನ್ನೊಂದು ಕಾಲೂ ಮುರಿಯಿತಂತೆ. “ಪ್ರೀತಿಯಿಂದ ಬರೆದಿದ್ದರೆ ಇದಕ್ಕೆ ಅರ್ಧ ಬೆಲೆ,” ಎಂದು ಹೆಂಡತಿಗೆ ಹೇಳಿದರು. “ಅನುಮಾನದಿಂದ ಬರೆದದ್ದಕ್ಕೇ ಇದನ್ನ ಅಲ್ಲಗಳೆಯೋಕಾಗಲ್ಲ. ನಿಮ್ಮ ತಂದೆಯಿಂದ ಒಂದು ಹೇಳಿಕೆ ಬೇಕು. ಯಾಕೆ ಬರೆದ್ರು ಅನ್ನೋದನ್ನ ಮುಚ್ಚಿಡಬಾರದು.” ಮಾವ ಹೇಳಿಕೆಯನ್ನು ನಾಲ್ಕು ಸಲ ತಿದ್ದಿದರು. ‘ನನ್ನ ಅಳಿಯನನ್ನು ಮೋಸಗಾರನೆಂದು ಶಂಕಿಸಿ’ ಎಂಬ ಸಾಲಿನ ಹತ್ತಿರ ಪೆನ್ಸಿಲ್ಲು ಪ್ರತಿ ಸಲವೂ ನಿಲ್ಲುತ್ತಿತ್ತು. ಪ್ರತಿ ಸಲವೂ ಆ ಸಾಲು ಉಳಿಯಿತು.

ಬಾಕಿಯಿದ್ದುದು ಡಾಕ್ಟರರ ಪತ್ರ. ಮೊದಲನೆಯದರಲ್ಲಿ ‘ಬೆನ್ನು ನೋವಿದೆ, ವಿಶ್ರಾಂತಿ ಅಗತ್ಯ’ ಎಂದಿತ್ತು. ವಕೀಲೆ ಅದನ್ನು ವಾಪಸು ಕಳಿಸಿದರು: ಎಷ್ಟು ಹೊತ್ತು ಕೂರಬಹುದು, ಎಷ್ಟು ಎತ್ತಬಹುದು, ತಿಂಗಳಿಗೆ ಎಷ್ಟು ದಿನ ಹಾಸಿಗೆ ಹಿಡಿಯಬಹುದು, ಇದಕ್ಕೆಲ್ಲ ಉತ್ತರ ಬೇಕು. ಎರಡನೆಯ ಸಲವೂ ವಾಪಸು. ಮೂರನೆಯದು ಐವತ್ತೊಂಬತ್ತನೆಯ ದಿನ ಬಂತು. ಅರವತ್ತನೆಯ ದಿನ ಸಂಜೆ ಐದರೊಳಗೆ ವಿಮೆಯವರ ಕಚೇರಿಗೆ ಕಟ್ಟು ತಲುಪಬೇಕು. ಅದಕ್ಕೆ ಮುಂಚೆ ಹದಿನೇಳು ಕಡೆ ಲೆವೆಲ್ಲಿನ ಸಹಿ ಬೇಕು.

ಅರವತ್ತನೆಯ ದಿನ ಮೂರು ಗಂಟೆಗೆ ಲೆವೆಲ್ಲು ಮಾವನ ಜೊತೆ ಆ ಕಟ್ಟಡ ಮುಟ್ಟಿದಾಗ, ಲಿಫ್ಟಿನ ಬಾಗಿಲಿಗೆ ಸರಪಳಿ ಸುತ್ತಿತ್ತು. ನಡುವೆ ಒಂದು ಕೆಂಪು ಚೀಟಿ. ‘ಸಾರ್ವಜನಿಕ ದೂರಿನ ಮೇರೆಗೆ ತಪಾಸಣೆ ಮಾಡಿ, ಬಳಕೆಗೆ ಯೋಗ್ಯವಲ್ಲವೆಂದು...’

ಲೆವೆಲ್ಲು ಚೀಟಿಯನ್ನು ಎರಡು ಸಲ ಓದಿದ. ದಾರದ ಗಂಟು ಮುಟ್ಟಿ ನೋಡಿದ. ಬಿಗಿಯಾಗಿತ್ತು.

“ದೂರು ಕೊಟ್ಟ ಪುಣ್ಯಾತ್ಮ ಯಾರೋ?” ಎಂದರು ಮಾವ, ಗೊತ್ತಿದ್ದೂ.

“ನನ್ನಂಥೋನೇ ಯಾರೋ ಇರಬೇಕು. ಬೇರೆ ಕೆಲಸ ಇಲ್ದೋನು.”

ಮೂರು ಮಹಡಿ. ಮೊದಲನೆಯದನ್ನು ಒಂದೇ ಉಸಿರಿಗೆ ಎಂಬಂತೆ ಹತ್ತಿದ, ಹಳೆಯ ಜಂಬದಲ್ಲಿ. ಅರ್ಧಕ್ಕೇ ಜಂಬ ಇಳಿಯಿತು. ಎರಡನೆಯದಕ್ಕೆ ಕಂಬಿ ಹಿಡಿದು, ಮೆಟ್ಟಿಲಿಗೊಂದು ಸಲ ನಿಂತು. ಮಾವ ಒಂದು ಮೆಟ್ಟಿಲು ಹಿಂದೆ, ಕೈಗಡಿಯಾರ ನೋಡುತ್ತ. “ಅವಸರ ಇಲ್ಲ,” ಎನ್ನುತ್ತಿದ್ದರು. ಅವರ ಹಣೆಯೆಲ್ಲ ಅವಸರವಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಎಡಗಾಲು ಮಾತು ಕೇಳುವುದನ್ನು ಬಿಟ್ಟಿತು. ಲೆವೆಲ್ಲು ಗೋಡೆಗೊರಗಿ ಹಾಗೇ ಕೆಳಗೆ ಜಾರಿದ. ಏಳನೆಯ ಮಹಡಿಯ ಆ ತಿರುವು ಕಣ್ಣ ಮುಂದೆ ಬಂತು, ಮೈ ಬೆವರಿತು.

“ಮಾವ, ಆಗಲ್ಲ.”

ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದ. ಮಾವ ಒಂದು ಕ್ಷಣ ನಿಂತು, ಎಪ್ಪತ್ತರ ವಯಸ್ಸಿಗೆ ತಕ್ಕುದಲ್ಲದ ಓಟದಲ್ಲಿ ಮೇಲೆ ಹೋದರು. ವಕೀಲೆ ಕಟ್ಟು ಹಿಡಿದು ದಡದಡ ಇಳಿದು ಬಂದರು. ಬರೆಯಲು ಮೇಜಿಲ್ಲ. ಮಾವ ಅಳಿಯನ ಮುಂದೆ ಮೆಟ್ಟಿಲ ಮೇಲೆ ಕೂತು ಬೆನ್ನು ಬಗ್ಗಿಸಿದರು. ಹದಿನೇಳು ಸಹಿಗಳನ್ನೂ ಲೆವೆಲ್ಲು ಆ ಬೆನ್ನಿನ ಮೇಲೆ ಹಾಕಿದ. ಅಕ್ಷರಗಳು ಸೊಟ್ಟಗಿದ್ದವು. ಸರಿ ಮಾಡಲು ಹೋಗಲಿಲ್ಲ.

“ಇನ್ನೊಂದು ಪುಟ ಇದೆಯಾ ಮೇಡಂ? ಇವತ್ತಿನದೂ ಸೇರಿಸಿ.” ಬರೆದ: ‘ಎರಡು ಮಹಡಿ. 26 ನಿಮಿಷ. ಮೂರನೆಯದು ಆಗಲಿಲ್ಲ.’ ಮಾವ ತಿರುಗಿ ನೋಡಿ, “ಇಪ್ಪತ್ತೇಳು,” ಎಂದರು. ತಿದ್ದಿದ. ಕಟ್ಟು ನಾಲ್ಕು ಗಂಟೆ ನಲವತ್ತಕ್ಕೆ ವಿಮೆಯವರ ಕಿಟಕಿಯಲ್ಲಿ ಮೊಹರು ಬಿದ್ದು ಸ್ವೀಕಾರವಾಯಿತು.

ಆಮೇಲೆ ಏಳು ವಾರ. ಲೆವೆಲ್ಲು ಹಾಲಿನಲ್ಲಿ ಕಿಟಕಿಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದನೆಂದರೆ ಅವನ ದಾರಿಯಲ್ಲಿ ನೆಲದ ಬಣ್ಣ ತೆಳುವಾಯಿತು. ಮಾವ ಡೈರಿ ಬರೆಯುವುದನ್ನು ನಿಲ್ಲಿಸಿದ್ದರು. ಕೈ ಮಾತ್ರ ಆಗಾಗ ಕಿವಿಯ ಕಡೆ ಹೋಗಿ ಬರುತ್ತಿತ್ತು.

ಪತ್ರ ಬಂದ ದಿನ ಹೆಂಡತಿ ಅಂಗಡಿಯಲ್ಲಿದ್ದಳು. ಲಕೋಟೆ ಒಡೆದು ಲೆವೆಲ್ಲು ಒಂದು ಸಲ ಓದಿದ. ಸಾಲುಗಳು ಕಲಸಿಹೋದವು. ಮಾವನ ಕೈಗೆ ಕೊಟ್ಟ. ಮಾವ ಪತ್ರವನ್ನು ಬೆಳಕಿಗೆ ಹಿಡಿದರು, ತಾರೀಖು ನೋಡಿದರು, ಮೊಹರಿನ ಮೇಲೆ ಹೆಬ್ಬೆರಳು ಸವರಿದರು, ಹಿಂಬದಿ ತಿರುಗಿಸಿದರು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಮಾಡಿದಂತೆ, ಎದುರಿನವನ ಎದೆ ಬಡಿದುಕೊಳ್ಳುವಷ್ಟು ನಿಧಾನವಾಗಿ.

“ಮಾವ, ಏನಂತೆ ಹೇಳಿ.”

“ನಿಲ್ಲಿಸಿದ ದಿನದಿಂದಲೇ ಮತ್ತೆ ಶುರು. ಹದಿನೆಂಟು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡ್ತಾರಂತೆ.” ಪತ್ರ ಮಡಿಸಿ ಅವನ ಅಂಗಿಯ ಜೇಬಿಗೆ ತಾವೇ ಹಾಕಿದರು. “ಪಾಸು ಸರಿ ಇದೆ. ಕೂತ್ಕೊಳ್ಳಿ ಅಳಿಯಂದಿರೇ.”

ಲೆವೆಲ್ಲು ಕೂತ. ಹದಿನೆಂಟು ತಿಂಗಳು, ಆಮೇಲೆ ಇನ್ನೊಂದು ಹದಿನಾಲ್ಕು ಪುಟದ ಫಾರಂ. ಹೆಂಡತಿಗೆ ಫೋನು ಮಾಡಿದ. ಅವಳು ಅಂಗಡಿಯಲ್ಲೇ ಜೋರಾಗಿ ಅತ್ತಳು. ಹಿಂದೆ ಯಾರೋ ಗಿರಾಕಿ ಕನ್ನಡಕದ ನಂಬರು ಕೇಳುತ್ತಲೇ ಇದ್ದರು. ಫೋನಿಟ್ಟು ಕೂತೇ ಇದ್ದ, ಮಾವ ಕೈಗಡಿಯಾರ ನೋಡಿಕೊಂಡರು. ಆಮೇಲೆ ಎಡ ಪಾದ ಜೋಮು ಹಿಡಿಯಿತು.

“ಹತ್ತೊಂಬತ್ತು,” ಎಂದು ಲೆವೆಲ್ಲು ಎದ್ದು ಕಿಟಕಿಯ ಕಡೆ ಹೊರಟ.

“ಹದಿನೆಂಟೂವರೆ,” ಎಂದರು ಮಾವ.